ಬೀಟೆಯ ಹಠ, ಬೋಟಿನ ರೆಸಿನ್

ಅಂತೂ ಬೀಟೆ ಗಟ್ಟಿಯಾಯಿತು. ಅಂದರೆ, ಬೀಟೆ ಮರ ಮೊದಲೇ ಗಟ್ಟಿ. ಅದರ ಸುತ್ತ ಹೊಯ್ದ ರೆಸಿನ್ ಈಗ ಗಟ್ಟಿಯಾಯಿತು. ಮರದ ತುಂಡಿನ ಸುತ್ತ ಬಣ್ಣದ ರೆಸಿನ್, ಅಂದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್, ಹೊಯ್ದು ಲೇತಿನಲ್ಲಿ ಪೆನ್ನು ಕಡೆಯುವವ ನಾನು. ಈ ಮಳೆಗಾಲ ಪೂರ್ತಿ ನನ್ನ ತಲೆ ತಿಂದದ್ದು ಇದೊಂದೇ ಸಂಗತಿ. ಅಚ್ಚು ಮಾಡುವುದು, ಹೊಳಪಿಗೆ ಮೈಕಾ ಪುಡಿ ಕಲಸುವುದು, ಗುಳ್ಳೆ ಕುಗ್ಗಿಸಲು ಪ್ರೆಶರ್ ಪಾಟ್‌ಗೆ ಗಾಳಿ ತುಂಬುವುದೆಲ್ಲ ಮಾಮೂಲಿ ಕೆಲಸ. ಅದನ್ನು ಬಿಟ್ಟು ನೇರ ಜಗಳದ ಜಾಗಕ್ಕೆ ಬರುತ್ತೇನೆ.

ನಾನು ಬಳಸುವುದು ಪಾಲಿಯೆಸ್ಟರ್ ರೆಸಿನ್. ಉಡುಪಿಯಲ್ಲಿದ್ದುಕೊಂಡು ಇದನ್ನು ಬಿಟ್ಟು ಬೇರೆ ಹುಡುಕುವುದೇಕೆ? ಮಲ್ಪೆಯಲ್ಲಿ ಫೈಬರ್ ಬೋಟಿನ ಕೆಲಸ ನಡೆಯುವುದೆಲ್ಲ ಇದರಲ್ಲೇ. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ನಿಗೆ ಇದರ ಎಷ್ಟೋ ಪಟ್ಟು ದುಡ್ಡು, ಮೇಲಿಂದ ಕೊರಿಯರ್ ಖರ್ಚು ಬೇರೆ. ಆದರೆ ಸಾಮಾನು ಕೊಡುವವರಿಗೆ ನಮ್ಮಂಥವರು ಗಿರಾಕಿಗಳೇ ಅಲ್ಲ. ಅರ್ಧ ಕೇಜಿ ಕೇಳಿದರೆ "ಬೋಟಿಗಾ? ಅರ್ಧ ಕೇಜಿ ಎಂತಕ್ಕೆ ಸಾಕು?" ಅಂತಾರೆ. ಪೆನ್ನಿಗೆ ಅಂದೆ. "ಪೆನ್ನಿಗೆ ಶಾಯಿ ಹಾಕಿ ಮಾರಾಯ್ರೆ, ರೆಸಿನ್ ಯಾಕೆ?" ಕೊನೆಗೆ ಹಳೇ ಎಣ್ಣೆ ಡಬ್ಬಿಯಲ್ಲಿ ಸುರಿದು ಕೊಟ್ಟರು. ಲೇಬಲ್ ಇಲ್ಲ, ತಾರೀಖಿಲ್ಲ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಮೊದಲೇ ಸೇರಿಸಿದ್ದಾರೋ ಎಂದು ಕೇಳಿದರೆ "ಸೇರಿಸಿರ್ಬಹುದು" ಎಂಬ ಉತ್ತರ. ತಮಾಷೆಯ ವಿಷಯ ಅಲ್ಲ ಇದು. ಕೋಬಾಲ್ಟನ್ನೂ, ಗಟ್ಟಿಯಾಗುವ ಕ್ರಿಯೆ ಶುರುಮಾಡುವ ಕ್ಯಾಟಲಿಸ್ಟನ್ನೂ ನೇರ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ರೆಸಿನ್ನಿಗೆ ಒಂದು ಪೂರ್ತಿ ಬೆರೆತ ಮೇಲೆಯೇ ಇನ್ನೊಂದು.

ಮರದ ಚಿಂತೆ ಇರಲಿಲ್ಲ. ನಮ್ಮ ಆಚಾರ್ರ ಕೊಟ್ಟಿಗೆಯಲ್ಲಿ ಹಲಸು, ಹೆಬ್ಬಲಸು, ಸಾಗುವಾನಿ ತುಂಡುಗಳು ಬೇಕಾದಷ್ಟು. ಜೊತೆಗೆ ಯಾವುದೋ ಹಳೇ ಮನೆ ಕೆಡವಿದಾಗ ಬಂದ ಬೀಟೆ ದಾರಂದದ ಚೂರುಗಳು. ಬೀಟೆ ಸಿಕ್ಕಿದ ಮೇಲೆ ಕೈ ಸುಮ್ಮನಿರುತ್ತದೆಯೇ?

ಹಲಸಿನ ಹಳದಿಗೆ ಕಡುನೀಲಿ ಹೊಯ್ದದ್ದು ಮೊದಲ ಸಲವೇ ಚೆಂದ ಬಂತು. ಅದೇ ಲೋಟದ ರೆಸಿನ್ನನ್ನು, ಅದೇ ಹೊತ್ತಿಗೆ, ಪಕ್ಕದ ಅಚ್ಚಿನ ಬೀಟೆಗೆ ಹೊಯ್ದೆ. ಮರುದಿನ ಬಿಚ್ಚಿ ನೋಡಿದರೆ ಹೊರಗೆಲ್ಲ ಗಟ್ಟಿ, ಮರಕ್ಕೆ ತಾಗಿದ ಕಡೆ ಮಾತ್ರ ಹಲಸಿನ ಮೇಣದ ಹಾಗೆ ಅಂಟಂಟು. ಹಲಸಿನ ಮೇಣವಾದರೆ ತೆಂಗಿನೆಣ್ಣೆಗೆ ಬಿಡುತ್ತದೆ, ಇದು ಯಾವುದಕ್ಕೂ ಬಗ್ಗಲಿಲ್ಲ.

ಗಾಳಿ ತಾಗುವ ಮೇಲ್ಮೈ ಅಂಟಾಗಿ ಉಳಿಯುವುದು ಪಾಲಿಯೆಸ್ಟರ್‌ನ ಹುಟ್ಟುಗುಣ. ಆಮ್ಲಜನಕ ಅಲ್ಲಿ ಕ್ರಿಯೆಯನ್ನು ತಡೆಯುತ್ತದೆ, ಉಜ್ಜಿ ತೆಗೆದರೆ ಮುಗಿಯಿತು. ಆದರೆ ಇದು ಒಳಗೆ, ಗಾಳಿಯೇ ಇಲ್ಲದ ಜಾಗ. ಮತ್ತೆ ಅನುಮಾನ ಹೋದದ್ದು ತೇವದ ಮೇಲೆ. ಆಟಿಯ ಮಳೆಯಲ್ಲಿ ನಮ್ಮೂರಲ್ಲಿ ಹೊರಗಿಟ್ಟ ಮರ ನೀರು ಕುಡಿದೇ ಕೂತಿರುತ್ತದೆ. ತುಂಡುಗಳನ್ನು ಓವನ್ನಿನಲ್ಲಿ ನೂರು ಡಿಗ್ರಿ ಆಸುಪಾಸಿನ ಶಾಖಕ್ಕೆ ಇಟ್ಟು, ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆ ತೆಗೆದು, ತಣಿದ ಕೂಡಲೇ ಹೊಯ್ದೆ. ಅದೇ ಅಂಟು. ಓವನ್ನಿನಲ್ಲಿ ಬೀಟೆಯ ವಾಸನೆ ಉಳಿದು ಅಮ್ಮನ ಕೇಕಿಗೆ ಪೀಠೋಪಕರಣದ ಪರಿಮಳ ಬಂದದ್ದಷ್ಟೇ ಲಾಭ. ಕ್ಯಾಟಲಿಸ್ಟ್ 1 ಶೇಕಡದಿಂದ 2ಕ್ಕೆ ಏರಿಸಿ ನೋಡಿದೆ. ಬ್ಲ್ಯಾಂಕಿನ, ಅಂದರೆ ಕಡೆಯುವ ಮೊದಲಿನ ತುಂಡಿನ, ಹೊರಭಾಗ ಬಿಸಿಯೇರಿ ಬಿರಿಯಿತು, ಮರದ ಪಕ್ಕದ ಅಂಟು ಕದಲಲಿಲ್ಲ.

ಸುಳಿವು ಸಿಕ್ಕಿದ್ದು ಎರಡು ಕಡೆಯಿಂದ. ಬಣ್ಣ ಹಾಕದೆ ಹೊಯ್ದ ಒಂದು ತುಂಡಿನಲ್ಲಿ ಮರದ ಸುತ್ತ ನೇರಳೆ ಛಾಯೆಯ ಕಂದು ಹಬ್ಬಿತ್ತು. ರೆಸಿನ್ನಿನಲ್ಲಿರುವ ಸ್ಟೈರೀನ್ ಒಳ್ಳೆಯ ದ್ರಾವಕ, ಅದು ಬೀಟೆಯ ಬಣ್ಣವನ್ನೇ ಹೀರಿ ತೆಗೆದಿದೆ. ಇನ್ನೊಂದು ತುಂಡಿನಲ್ಲಿ ಒಂದು ಅಂಚು ಹೊರಗಿನ ಬಿಳಿ ಮರ, ಉಳಿದದ್ದು ಚೇಗು, ಅಂದರೆ ಮರದ ಒಳಗಿನ ಕಪ್ಪು ತಿರುಳು. ಬಿಳಿಯ ಕಡೆ ರೆಸಿನ್ ಕಲ್ಲಿನಂತೆ ಕೂತಿದೆ, ಚೇಗಿನ ಕಡೆ ಉಗುರು ಇಳಿಯುತ್ತದೆ. ತೇವದ ತಪ್ಪಾಗಿದ್ದರೆ ಒಂದೇ ತುಂಡಿನಲ್ಲಿ ಈ ಗೆರೆ ಬೀಳುವುದು ಹೇಗೆ? ತಕರಾರು ಚೇಗಿನೊಳಗೇ ಇತ್ತು.

ಓದಿ ನೋಡಿದ ಮೇಲೆ ಎಲ್ಲ ಸೇರಿಕೊಂಡಿತು. ಪಾಲಿಯೆಸ್ಟರ್ ಗಟ್ಟಿಯಾಗುವುದು ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಿಸುವ ಚುರುಕು ಕಣಗಳಾದ ಫ್ರೀ ರ‍್ಯಾಡಿಕಲ್‌ಗಳ ಸರಪಳಿಯಿಂದ. ಬೀಟೆ, ಅಂದರೆ ಡಾಲ್ಬರ್ಜಿಯಾ ಕುಲದ ಮರಗಳ ಚೇಗಿನಲ್ಲಿ ಫಿನಾಲ್ ಜಾತಿಯ ಅಂಶಗಳು ತುಂಬಿವೆ. ಹುಳ, ಶಿಲೀಂಧ್ರಗಳು ಬೀಟೆಯ ತಂಟೆಗೆ ಹೋಗದಿರುವುದಕ್ಕೆ ಇವೂ ಕಾರಣ. ಅವೇ ಆ ರ‍್ಯಾಡಿಕಲ್‌ಗಳನ್ನು ಹಿಡಿದು ನುಂಗುತ್ತವೆ. ಡಬ್ಬಿಯಲ್ಲೇ ರೆಸಿನ್ ಗಟ್ಟಿಯಾಗದಿರಲಿ ಎಂದು ತಯಾರಕರು ಚೂರೇ ಚೂರು ಹಾಕುವ ಹೈಡ್ರೋಕ್ವಿನೋನ್ ಕೂಡ ಫಿನಾಲೇ! ಅವರು ಅಳೆದು ಹಾಕಿದ್ದನ್ನು ಬೀಟೆ ಧಾರಾಳವಾಗಿ ಸುರಿಯುತ್ತದೆ. ಗಿಟಾರ್ ಮಾಡುವವರಿಗೆ ಇದು ಹಳೇ ತಲೆನೋವಂತೆ, ಬೀಟೆಯ ಮೇಲೆ ಪಾಲಿಯೆಸ್ಟರ್ ಪಾಲಿಷ್ ಹೊಡೆಯುವ ಮೊದಲು ಅವರು ಬೇರೊಂದು ತಡೆಗೋಡೆ ಹಚ್ಚುತ್ತಾರೆ.

ತಡೆಗೋಡೆಗೆ ಮೊದಲು ಆಚಾರ್ರ ಸ್ಪಿರಿಟ್ ಪಾಲಿಷನ್ನೇ ಬಳಿದೆ. ರೆಸಿನ್ ಗಟ್ಟಿಯಾಯಿತು, ಆದರೆ ಪೆನ್ನಿನ ಟ್ಯೂಬಿಗೆ ತೂತು ಕೊರೆಯಲು 7 ಮಿ.ಮೀ. ಬಿಟ್ ಇಳಿಸಿದ ಕೂಡಲೇ ಮರ ಒಂದು ಕಡೆ, ರೆಸಿನ್ ಒಂದು ಕಡೆ. ಎಪಾಕ್ಸಿ ಹಚ್ಚುತ್ತೇನೆ ಎಂದಾಗ ಬೋಟಿನ ಕೆಲಸದವರೊಬ್ಬರು ನಕ್ಕರು: "ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡೀತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನಿಲ್ಲುದಿಲ್ಲ." ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಎಪಾಕ್ಸಿಯನ್ನು ಗಟ್ಟಿಮಾಡಲು ಬೆರೆಸುವ ಅಮೀನ್ ಅದರಲ್ಲಿ ಉಳಿದರೆ ಅದೂ ಪಾಲಿಯೆಸ್ಟರ್‌ಗೆ ಅಡ್ಡಿ. ಅದರಲ್ಲೂ ನಮ್ಮ ಮಳೆಗಾಲದ ಗಾಳಿಗೆ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಬಿಳಿ ಪೊರೆ ಬಂದೇ ಬರುತ್ತದೆ.

ಆದರೂ ಎಪಾಕ್ಸಿಯೇ ದಾರಿ ಅನಿಸಿತು. ಅದಕ್ಕೆ ರ‍್ಯಾಡಿಕಲ್‌ಗಳ ಹಂಗಿಲ್ಲ, ಹಾಗಾಗಿ ಫಿನಾಲ್ ಅದನ್ನು ತಡೆಯುವುದಿಲ್ಲ. ನಿಧಾನಕ್ಕೆ ಸೆಟ್ ಆಗುವ ತೆಳು ಎಪಾಕ್ಸಿಯನ್ನು ಒಣಗಿಸಿದ ಬೀಟೆಯ ಆರೂ ಮುಖಕ್ಕೆ ಬಳಿದೆ. ಸಂದು, ಬಿರುಕು ಒಂದೂ ಬಿಡುವಂತಿಲ್ಲ, ಸೂಜಿಮೊನೆಯಷ್ಟು ಜಾಗ ಬಿಟ್ಟರೂ ಅಲ್ಲೊಂದು ಅಂಟಿನ ಚುಕ್ಕೆ ಖಂಡಿತ. ಪೂರ್ತಿ ಗಟ್ಟಿಯಾಗುವ ತನಕ ಕಾಯುವುದೇ ದೊಡ್ಡ ಶಿಕ್ಷೆ. ಆಮೇಲೆ ಬೆಚ್ಚಗಿನ ನೀರಲ್ಲಿ ಉಜ್ಜಿ ಪೊರೆ ತೊಳೆದು, ಒರೆಸಿ ಒಣಗಿಸಿ, 80ರ ಮರಳು ಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಗೀರಿದೆ. ಮೊದಲು ಉಜ್ಜಿದರೆ ಜಿಡ್ಡು ಗೀರಿನೊಳಗೇ ಕೂರುತ್ತದೆ, ಆದ್ದರಿಂದ ತೊಳೆಯುವುದೇ ಮುಂಚೆ. ಹಿಡಿತಕ್ಕೆಂದು ಗರಗಸದಲ್ಲಿ ಓರೆ ಕಚ್ಚುಗಳನ್ನೂ ಕೊರೆದಿದ್ದೆ, ಎಪಾಕ್ಸಿ ಹಚ್ಚುವ ಮೊದಲೇ.

ಬಿಚ್ಚಿದಾಗ ಸುತ್ತಲೂ ಟಣ್ ಟಣ್. ಲೇತಿಗೆ ಏರಿಸಿ ಹರಿತವಾದ ಸ್ಕ್ಯೂ ಉಳಿಯಲ್ಲಿ ತೆಳ್ಳಗೆ ಇಳಿಸುತ್ತಾ ಬಂದೆ. ಒಂದು ತುದಿಯಲ್ಲಿ ಸಣ್ಣ ಚಕ್ಕೆ ಎದ್ದದ್ದು ಬಿಟ್ಟರೆ ಮರ, ರೆಸಿನ್ ಸೇರುವ ಗೆರೆ ಬಿಡಲಿಲ್ಲ. ಬೋಟಿನವರ ಮಾತು ಬೋಟಿಗೆ ಸರಿ. ಅಲೆಯ ಹೊಡೆತ ತಿನ್ನುವ ಜಾಗದಲ್ಲಿ ನಾನೂ ಹೀಗೆ ಮಾಡಲಾರೆ. ಪೆನ್ನಿನೊಳಗೆ ಹಿತ್ತಾಳೆ ಟ್ಯೂಬು ಮರ, ರೆಸಿನ್ ಎರಡನ್ನೂ ಹಿಡಿದುಕೊಂಡಿರುತ್ತದೆ.

ಆ ಟ್ಯೂಬಿನ ಕಥೆ ಬೇರೆ. ಆನ್‌ಲೈನಿನಲ್ಲಿ ತರಿಸಿದ ಕಿಟ್ಟಿನಲ್ಲಿ ಎರಡೂ ಟ್ಯೂಬು ಪೆನ್ನಿನ ಮೇಲ್ಭಾಗದ್ದೇ. ಮಾರಿದವರಿಗೆ ಫೋಟೋ ಕಳಿಸಿದರೆ "ಕತ್ತರಿಸಿ ಬಳಸಿ ಸರ್" ಎಂಬ ಸಲಹೆ. ಕತ್ತರಿಸಿದೆ ಎನ್ನಿ, ಮತ್ತೇನು ಮಾಡುವುದು?

ಇನ್ನು ಮುಂದಿನದ್ದು ಅಡಿಕೆ. ಚಾಲಿ ಅಡಿಕೆಯನ್ನು ಅಡ್ಡ ಕೊಯ್ದರೆ ಕಾಣುವ ಕಂದು ಬಿಳಿ ಕವಲುಗೆರೆಗಳನ್ನು ನೋಡಿದ್ದೀರಲ್ಲ? ಆ ಬಿಲ್ಲೆಗಳನ್ನು ಕಪ್ಪು ರೆಸಿನ್ನಿನಲ್ಲಿ ಸಾಲಾಗಿ ನಿಲ್ಲಿಸಿ ಪೆನ್ನು ಕಡೆಯಬೇಕೆಂಬ ಆಸೆ. ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಕೈ ಹಾಕಿದರೆ ಮಾವ ಸುಮ್ಮನಿರುವವರಲ್ಲ, ಪಟೋರ, ಕರಿಗೋಟಿನಂಥ ಕೀಳು ದರ್ಜೆಯ ಅಡಿಕೆ ಸಿಕ್ಕರೂ ಸಾಕು. ಆದರೆ ಅಡಿಕೆ ತುಂಬಾ ಟ್ಯಾನಿನ್, ಅದೂ ಫಿನಾಲುಗಳ ಸಂತೆ. ಈ ಸಲ ಬ್ಲ್ಯಾಂಕಿಗೆ ಹೊಯ್ಯುವ ಮೊದಲು ಒಂದು ಚಮಚ ರೆಸಿನ್ನಿಗೆ ಅಡಿಕೆ ಪುಡಿ ಕಲಸಿ, ಪಕ್ಕದಲ್ಲಿ ಬರೀ ರೆಸಿನ್ನಿನ ಚಮಚ ಇಟ್ಟು ನೋಡುವುದು. ಚಮಚ ಅಡುಗೆಮನೆಯದ್ದಲ್ಲ, ಅಮ್ಮನಿಗೆ ಮೊದಲೇ ಹೇಳಿಯಾಗಿದೆ.