ರೂಟರ್‌ಗೆ ಎರಡು ಬೀಗ, ನಾನು ಹಾಕಿದ್ದು ಒಂದೇ

ಮೊದಲು ಶುರುವಾದದ್ದು ನನ್ನ ಫೋನಿನಲ್ಲಿ. ಏನೋ ಓದೋಣ ಅಂತ ಒಂದು ಪುಟ ತೆರೆದರೆ, ಅದರ ಬದಲು ಜೂಜಿನ ಜಾಹೀರಾತು ಬಂತು. ಬೆರಳು ತಪ್ಪಿರಬೇಕು ಅಂದುಕೊಂಡು ಮತ್ತೆ ತೆರೆದೆ, ಸರಿಯಾಗಿ ಬಂತು. ಎರಡು ದಿನ ಬಿಟ್ಟು ಅಕ್ಕನ ಲ್ಯಾಪ್‌ಟಾಪ್‌ನಲ್ಲೂ ಅದೇ ಕಥೆ. "ನನ್ನ ಲ್ಯಾಪ್‌ಟಾಪ್ ಮುಟ್ಟಿದ್ಯೇನೋ?" ಅಂತ ಬೈಗುಳ ಬೇರೆ. ವೈರಸ್ ಹೊಕ್ಕಿದೆ ಅಂತ ನನ್ನ ಫೋನ್ ಪೂರ್ತಿ ಅಳಿಸಿ ಹೊಸದಾಗಿ ಎಲ್ಲ ಹಾಕಿಕೊಂಡೆ, ಒಂದಿಡೀ ಭಾನುವಾರ ಹೋಯಿತು. ಸಂಜೆ ಹೊತ್ತಿಗೆ ಅದೇ ಜಾಹೀರಾತು ಮತ್ತೆ ಹಲ್ಲು ಕಿರಿಯಿತು.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹೊರಗೆ ಹೋಗಿ ಮೊಬೈಲ್ ಡೇಟಾದಲ್ಲಿ ಇದ್ದಾಗ ಈ ಕಾಟ ಇಲ್ಲ. ಮನೆಯ ವೈಫೈಗೆ ಸೇರಿದರೆ ಮಾತ್ರ. ಅಂದರೆ ಕಾಯಿಲೆ ಫೋನಿಗಲ್ಲ, ಮೂಲೆಯಲ್ಲಿ ಧೂಳು ಹಿಡಿದು ಮಿಣಮಿಣ ಅನ್ನುತ್ತಾ ಕೂತಿದ್ದ ಆ ಡಬ್ಬಿಗೆ.

ರೂಟರ್‌ನ ಅಡಿಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ನೋಡಿರಬಹುದು. ರೂಟರ್‌ನ ವಿಳಾಸ ಅದರಲ್ಲೇ ಇರುತ್ತದೆ. ನಮ್ಮದರಲ್ಲಿ 192.168.1.1 ಅಂತ ಇತ್ತು, ಕೆಲವದರಲ್ಲಿ 192.168.0.1. ಅದನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದೆ. ಯೂಸರ್‌ನೇಮ್ ಕೇಳಿತು, ಅಡ್ಮಿನ್ ಅಂದೆ. ಪಾಸ್‌ವರ್ಡ್ ಕೇಳಿತು, ಅದಕ್ಕೂ ಅಡ್ಮಿನ್ ಅಂದೆ. ಒಳಗೆ ಬಿಟ್ಟುಕೊಂಡಿತು! ಮೂರು ವರ್ಷದಿಂದ ಹಾಗೇ ಇದೆ. ತಮಾಷೆ ಅಂದರೆ, ನಮ್ಮ ವೈಫೈ ಪಾಸ್‌ವರ್ಡ್ 20 ಅಕ್ಷರದ್ದು. ಬಂದ ನೆಂಟರೆಲ್ಲ ಅದನ್ನು ಟೈಪ್ ಮಾಡುವಷ್ಟರಲ್ಲಿ ಸುಸ್ತಾಗುತ್ತಿದ್ದರು, ನನಗೆ ಒಳಗೊಳಗೇ ಹೆಮ್ಮೆ.

ಅಸಲಿಗೆ ಪಾಸ್‌ವರ್ಡ್‌ಗಳು ಎರಡು. ವೈಫೈ ಪಾಸ್‌ವರ್ಡ್ ನಮ್ಮ ನೆಟ್‌ವರ್ಕ್‌ಗೆ ಯಾರು ಸೇರಬಹುದು ಅಂತ ಹೇಳುತ್ತದೆ. ಅಡ್ಮಿನ್ ಪಾಸ್‌ವರ್ಡ್ ಯಾರ ಮಾತನ್ನು ರೂಟರ್ ಕೇಳಬೇಕು ಅಂತ ಹೇಳುತ್ತದೆ. ಮೊದಲನೆಯದನ್ನು ಎಲ್ಲರೂ ಬದಲಾಯಿಸುತ್ತೇವೆ. ಎರಡನೆಯದು ಇದೆ ಅನ್ನುವುದೇ ಸುಮಾರು ಜನಕ್ಕೆ ಗೊತ್ತಿರುವುದಿಲ್ಲ, ರೂಟರ್ ಹಾಕಲು ಬಂದವರೂ ಹೇಳುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಹುಡುಕುತ್ತಾ ಹೋದಾಗ ಡಿಎನ್ಎಸ್ ಅನ್ನುವ ಕಡೆ ಎರಡು ನಂಬರ್ ಸಿಕ್ಕವು. ನಾವು ಹಾಕಿದ್ದಲ್ಲ, ಇಂಟರ್ನೆಟ್ ಕೊಡುವವರದ್ದೂ ಅಲ್ಲ. ನಾವು ವೆಬ್‌ಸೈಟ್‌ನ ಹೆಸರು ಟೈಪ್ ಮಾಡುತ್ತೇವೆ, ಆದರೆ ಫೋನಿಗೆ ಬೇಕಾದದ್ದು ನಂಬರ್, ಈ ಹೆಸರಿನವರ ನಂಬರ್ ಏನು ಅಂತ ಅದು ಕೇಳುವುದು ಡಿಎನ್ಎಸ್ ಸರ್ವರ್ ಹತ್ತಿರ. ಆ ಸರ್ವರೇ ಬೇರೆಯವರದ್ದಾದರೆ? ಕೇಳಿದ ಕಡೆಯೇ ತಪ್ಪು ದಾರಿ ತೋರಿಸಿದರೆ ಫೋನ್ ಪಾಪ ಏನು ಮಾಡುತ್ತದೆ. ನಮಗೆ ಬರೀ ಜಾಹೀರಾತು ಬಂತು, ಪುಣ್ಯ. ಇದೇ ರೀತಿ ಬ್ಯಾಂಕಿನ ಹೆಸರಿಗೆ ನಕಲಿ ಪುಟವನ್ನೂ ತೋರಿಸಬಹುದು. ಬ್ರೌಸರ್ ಎಚ್ಚರಿಕೆ ಕೊಡುತ್ತದೆ ನಿಜ, ಆದರೆ ಅವಸರದಲ್ಲಿ ಇರುವಾಗ ಅದನ್ನು ಓದದೆ ಮುಂದೆ ಹೋಗುವವರೇ ಜಾಸ್ತಿ, ಅಲ್ವಾ?

ಹೊರಗಿನವರು ಒಳಗೆ ಹೇಗೆ ಬರುತ್ತಾರೆ ಅಂದರೆ, ದಾರಿ ಒಂದೆರಡಲ್ಲ. ನಮ್ಮ ರೂಟರ್‌ನಲ್ಲಿ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಆಗಿತ್ತು. ಅಂದರೆ ನಾನು ನೋಡಿದ ಅದೇ ಲಾಗಿನ್ ಪುಟ ಇಡೀ ಪ್ರಪಂಚಕ್ಕೂ ತೆರೆದಿತ್ತು. ಅದು ಆಫ್ ಇದ್ದರೂ ನಿಶ್ಚಿಂತೆ ಅಂತಲ್ಲ. ನೀವು ತೆರೆದ ಯಾವುದೋ ಕೆಟ್ಟ ಪುಟ, ನಿಮ್ಮ ಬ್ರೌಸರ್ ಮೂಲಕವೇ, ಸದ್ದಿಲ್ಲದೆ ನಿಮ್ಮ ರೂಟರ್‌ಗೆ ಅಡ್ಮಿನ್ ಅಡ್ಮಿನ್ ಅಂತ ಹೇಳಿ ಡಿಎನ್ಎಸ್ ಬದಲಿಸುವಂತೆ ಆದೇಶ ಕಳಿಸಬಲ್ಲದು.

ಇದನ್ನೆಲ್ಲ ಯಾರೋ ಕೂತು ಕೈಯಲ್ಲಿ ಮಾಡುತ್ತಾರೆ ಅಂದುಕೊಳ್ಳಬೇಡಿ. 2016ರಲ್ಲಿ ಮಿರಾಯ್ ಅಂತ ಒಂದು ಮಾಲ್‌ವೇರ್, ಅಂದರೆ ವೈರಸ್ ತರಹದ ಕೆಟ್ಟ ಸಾಫ್ಟ್‌ವೇರ್, ಬಂತು. ಅದರ ಹತ್ತಿರ ಇದ್ದದ್ದು ಕಂಪನಿಗಳು ಹಾಕಿ ಕಳಿಸುವ ಯೂಸರ್‌ನೇಮ್ ಪಾಸ್‌ವರ್ಡ್‌ಗಳ ಒಂದು ಪಟ್ಟಿ, ಸುಮಾರು 60 ಜೋಡಿ, ಅಷ್ಟೇ. ಅಷ್ಟನ್ನೇ ಇಟ್ಟುಕೊಂಡು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳ ಸೈನ್ಯ ಡೈನ್ ಅನ್ನುವ ಡಿಎನ್ಎಸ್ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಒದ್ದಾಡಿದವು. ಇನ್ನೊಂದು ಮಜಾ, ಮಿರಾಯ್ ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು, ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತಿತ್ತು. ಪಾಸ್‌ವರ್ಡ್ ಹಳೆಯದೇ ಇದ್ದರೆ ನಿಮಿಷಗಳಲ್ಲಿ ವಾಪಸ್ ಬರುತ್ತಿತ್ತು.

ಸರಿ, ನಾನು ಏನು ಮಾಡಿದೆ ಅಂತ ಹೇಳುತ್ತೇನೆ, ನನ್ನ ದಡ್ಡತನದ ಸಮೇತ. ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ, ಲೈಟುಗಳು ಒಟ್ಟಿಗೆ ಮಿಟುಕುವವರೆಗೆ ಒತ್ತಿ ಹಿಡಿದೆ. ರೀಸೆಟ್ ಆಯಿತು. ಇಂಟರ್ನೆಟ್ಟೂ ಹೋಯಿತು! ಕನೆಕ್ಷನ್‌ಗೆ ಬೇಕಾದ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಅದರೊಳಗೇ ಇತ್ತು, ನಾನು ಬರೆದಿಟ್ಟುಕೊಂಡಿರಲಿಲ್ಲ. ಕಸ್ಟಮರ್ ಕೇರ್‌ನ ಸಂಗೀತ ಕೇಳುತ್ತಾ ಮುಕ್ಕಾಲು ಗಂಟೆ ಕೂತೆ. ಆದ್ದರಿಂದ ರೀಸೆಟ್‌ಗೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ ಯೂಸರ್‌ನೇಮ್ ಇರುವ ಪುಟದ ಫೋಟೋ ತೆಗೆದುಕೊಳ್ಳಿ, ಪಾಸ್‌ವರ್ಡ್ ಚುಕ್ಕಿ ಚುಕ್ಕಿಯಾಗಿ ಕಂಡರೆ ಫೋನ್ ಮಾಡಿ ಮೊದಲೇ ಕೇಳಿಟ್ಟುಕೊಳ್ಳಿ.

ಆಮೇಲೆ ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ದು. ವೈಫೈದಕ್ಕಿಂತ ಬೇರೆಯದು. ಅದನ್ನು ಕಾಗದದಲ್ಲಿ ಬರೆದು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ, ನಗಬೇಡಿ, ದೂರದಲ್ಲಿ ಕೂತ ಕಳ್ಳನಿಗೆ ನಮ್ಮ ಡ್ರಾಯರ್ ಕಾಣುವುದಿಲ್ಲ. ರಿಮೋಟ್ ಮ್ಯಾನೇಜ್‌ಮೆಂಟ್ ಆಫ್. ಫರ್ಮ್‌ವೇರ್, ಅಂದರೆ ರೂಟರ್‌ನೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್. ವೈಫೈ ಸೆಕ್ಯುರಿಟಿಯ ವಿಧಾನಗಳಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯೂಪಿಎ2.

ವೈಫೈ ಪಾಸ್‌ವರ್ಡ್ ಟೈಪ್ ಮಾಡದೆ ಬಟನ್ ಒತ್ತಿಯೋ ಪಿನ್ ಕೊಟ್ಟೋ ಸೇರಲು ಬಿಡುವ ಡಬ್ಲ್ಯೂಪಿಎಸ್ ಕೂಡ ಆಫ್ ಮಾಡಿದೆ. ಅದರ ಪಿನ್ 8 ಅಂಕಿಯದ್ದು, ಗಟ್ಟಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಮೊದಲ ನಾಲ್ಕು ಸರಿಯೋ ತಪ್ಪೋ ಅಂತ ಬೇರೆಯಾಗಿಯೇ ಗೊತ್ತಾಗುತ್ತದೆ, ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿದ್ದು. ಹಾಗಾಗಿ ಹತ್ತು ಕೋಟಿ ಸಲ ಅಲ್ಲ, ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಾಕು. 2011ರಲ್ಲೇ ಹೊರಬಿದ್ದ ವಿಷಯ ಇದು.

ವೈಫೈ ಹೆಸರು ಮುಚ್ಚಿಡಿ ಅನ್ನುವ ಸಲಹೆ ಎಲ್ಲ ಕಡೆ ಇರುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮುಚ್ಚಿಟ್ಟರೆ ನಿಮ್ಮ ಫೋನೇ ಹೋದ ಕಡೆಯೆಲ್ಲ ಆ ಹೆಸರು ಕೂಗಿ ಹುಡುಕುತ್ತದೆ, ಸುಮ್ನೆ ರಗಳೆ. ಅದರ ಬದಲು ಟಿವಿ, ಬಲ್ಬು, ಕ್ಯಾಮೆರಾಗಳನ್ನು ಗೆಸ್ಟ್ ನೆಟ್‌ವರ್ಕ್‌ಗೆ, ಅಂದರೆ ಅದೇ ರೂಟರ್ ಕೊಡುವ ಪ್ರತ್ಯೇಕ ವೈಫೈಗೆ, ತಳ್ಳಿ. ನೆಂಟರನ್ನೂ.

ಇತ್ತೀಚಿನ ರೂಟರ್‌ಗಳು ಮೊದಲ ಸಲ ಆನ್ ಮಾಡಿದಾಗಲೇ ಹೊಸ ಪಾಸ್‌ವರ್ಡ್ ಕೇಳುತ್ತವೆ. ಬ್ರಿಟನ್‌ನಲ್ಲಂತೂ 2024ರ ಏಪ್ರಿಲ್ 29ರಿಂದ ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ ಅಂತ ಕಾನೂನೇ ಬಂದಿದೆ. ನಮ್ಮದು ಹಳೇ ಡಬ್ಬಿ, ಅದು ಏನನ್ನೂ ಕೇಳಲಿಲ್ಲ.

ಜಾಹೀರಾತು ಆಮೇಲೆ ಬಂದಿಲ್ಲ. ಅಕ್ಕನ ಲ್ಯಾಪ್‌ಟಾಪ್ ಸರಿಹೋಗಿದೆ, ಬೈಗುಳ ಮಾತ್ರ ವಾಪಸ್ ತಗೊಂಡಿಲ್ಲ. ಪ್ರಿಂಟರ್ ಇನ್ನೂ ಹಳೆಯ ವೈಫೈ ಪಾಸ್‌ವರ್ಡನ್ನೇ ಹಿಡಿದು ಕೂತಿದೆ. ಅದರ ಪುಟ್ಟ ಪರದೆಯಲ್ಲಿ ಬಾಣದ ಬಟನ್ ಒತ್ತಿ ಒತ್ತಿ ಹೊಸ 20 ಅಕ್ಷರ ತುಂಬಬೇಕು. ಅದಕ್ಕೂ ಒಂದು ಅಡ್ಮಿನ್ ಪಾಸ್‌ವರ್ಡ್ ಇದೆ ಅಂತ ಮೊನ್ನೆ ತಾನೇ ಗೊತ್ತಾಯಿತು.