ಓದುವವರಿಗೆ ಅನುಮಾನ ಬರುವ ಜಾಗ

ಮೊನ್ನೆ ನಮ್ಮ ಲ್ಯಾಬಿನ ಹುಡುಗಿಯೊಬ್ಬಳು ತನ್ನ ಮೊದಲ ಪೇಪರಿನ ಡ್ರಾಫ್ಟ್ ಓದಲು ಕೊಟ್ಟಳು. ಕೆರೆ ನೀರಿನಲ್ಲಿರುವ ಸೀಸದ ಮೇಲೆ ಮಾಡಿದ ಕೆಲಸ, ಒಳ್ಳೆಯ ಕೆಲಸ. ಆದರೆ ಶುರುವಿನಲ್ಲಿ ಹಿಂದಿನವರು ಏನೇನು ಮಾಡಿದ್ದಾರೆ ಅನ್ನುವ ಉದ್ದ ಪಟ್ಟಿ, ಅದಾದ ಮೇಲೆ ಮಷೀನಿನ ಸೆಟ್ಟಿಂಗ್‌ಗಳು. ಅವಳ ಪ್ರಶ್ನೆ ಏನು ಅಂತ ಗೊತ್ತಾಗಿದ್ದು ನಾಲ್ಕನೇ ಪುಟದಲ್ಲಿ! ಅಷ್ಟು ಹೊತ್ತು ಯಾರು ಕಾಯ್ತಾರೆ?

ಅವಳಿಗೆ 1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಲ್ಕತ್ತೆಯಿಂದ 'ನೇಚರ್' ಅನ್ನುವ ವಿಜ್ಞಾನ ಪತ್ರಿಕೆಗೆ ಕಳಿಸಿದ ಪುಟ್ಟ ಬರಹ ಕೊಟ್ಟೆ. ನನಗೆ ಅದು ಎಷ್ಟು ಸಲ ಓದಿದರೂ ಸಾಲದು. ಎಕ್ಸ್-ರೇ ಚದುರಿದಾಗ ಅದರಲ್ಲಿ ಒಂದು ಭಾಗದ ತರಂಗಾಂತರ (ಅಲೆಯ ಉದ್ದ; ಕಣ್ಣಿಗೆ ಕಾಣುವ ಬೆಳಕಿನಲ್ಲಿ ಬಣ್ಣ ಇದರ ಮೇಲೆ ನಿಂತಿದೆ) ಬದಲಾಗುತ್ತದೆ ಅಂತ ಭೌತವಿಜ್ಞಾನಿ ಕಾಂಪ್ಟನ್ ಕಂಡಿದ್ದರಲ್ಲ, ಹಾಗಿದ್ದರೆ ಮಾಮೂಲಿ ಬೆಳಕಿಗೂ ಹಾಗೇ ಆಗಬೇಕಲ್ವಾ ಅನ್ನುವುದರಿಂದಲೇ ಬರಹ ಶುರು. ಆಮೇಲೆ, ಹೌದು, ಆಗುತ್ತದೆ, ನಾವು ನೋಡಿದ್ದೇವೆ ಅನ್ನುವ ಮಾತು. ಉಪಕರಣದ ವಿಷಯ ಬರುವುದು ಅದಾದ ಮೇಲೆ, ಅದೂ ಕಾರಣದ ಜೊತೆ: ಇದನ್ನು ಕಾಣಲು ತುಂಬಾ ಜೋರು ಬೆಳಕು ಬೇಕು, ಅದಕ್ಕೇ 18 ಸೆಂ.ಮೀ. ಅಗಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಟ್ಟುಮಾಡಿ ದ್ರವದೊಳಕ್ಕೆ ಬಿಟ್ಟೆವು.

ನನಗೆ ತುಂಬಾ ಇಷ್ಟವಾದ ಜಾಗ ಇದು. ನೀಲಿ-ನೇರಳೆ ಫಿಲ್ಟರ್, ಹಳದಿ-ಹಸಿರು ಫಿಲ್ಟರ್ ಎರಡನ್ನೂ ಬೆಳಕಿನ ದಾರಿಗೆ ಅಡ್ಡ ಇಟ್ಟರೆ ಒಂದು ಬಿಟ್ಟ ಬಣ್ಣವನ್ನು ಇನ್ನೊಂದು ತಡೆಯುತ್ತದೆ, ದ್ರವದೊಳಗಿನ ಬೆಳಕಿನ ಗೆರೆ ಪೂರ್ತಿ ಮಾಯ. ಹಳದಿಯದನ್ನು ಅಲ್ಲಿಂದ ತೆಗೆದು ದ್ರವಕ್ಕೂ ಕಣ್ಣಿಗೂ ಮಧ್ಯೆ ಹಿಡಿದರೆ ಗೆರೆ ಮತ್ತೆ ಕಾಣುತ್ತದೆ. ಅಂದರೆ ದ್ರವದೊಳಗೇ ಬೆಳಕಿನ ಬಣ್ಣ ಬದಲಾಗಿದೆ. ಓದುವಾಗ ಫಿಲ್ಟರ್ ನಮ್ಮ ಕೈಯಲ್ಲೇ ಇದ್ದ ಹಾಗಿರುತ್ತದೆ.

ಸುಮಾರು 60 ದ್ರವಗಳಲ್ಲಿ ಇದನ್ನು ಕಂಡೆವು ಅಂತ ಹೇಳಿದ ಕೂಡಲೇ ನಮಗೆ ಅನುಮಾನ ಬರುತ್ತದೆ, ಇದು ಬರೀ ಫ್ಲೋರೆಸೆನ್ಸ್, ಅಂದರೆ ವಸ್ತು ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊಳೆಯುವುದು, ಇರಬಹುದಾ? ಸರಿಯಾಗಿ ಮುಂದಿನ ವಾಕ್ಯದಲ್ಲೇ ಉತ್ತರ: ಅಲ್ಲ, ಒಂದು, ಇದು ತೀರಾ ಕ್ಷೀಣ, ಎರಡು, ಇದು ಧ್ರುವೀಕರಣಗೊಂಡಿದೆ, ಅಂದರೆ ಇದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ.

ಅವಳ ಡ್ರಾಫ್ಟಿನಲ್ಲೂ ಅಂಥದ್ದೇ ಜಾಗ ಇತ್ತು. ಎರಡನೇ ಗ್ರಾಫ್ ನೋಡಿದ ಯಾರಿಗೇ ಆದರೂ ಈ ಸೀಸ ಸ್ಯಾಂಪಲ್ ತುಂಬಿದ ಬಾಟಲಿಯಿಂದಲೇ ಬಂತಾ ಅನ್ನಿಸುತ್ತದೆ. ಉತ್ತರ ಅವಳ ಹತ್ತಿರ ಇತ್ತು, ಬರೀ ಶುದ್ಧ ನೀರು ತುಂಬಿಟ್ಟ ಬಾಟಲಿಗಳನ್ನೂ ಅವಳು ಅಳೆದಿದ್ದಳು, ಆದರೆ ಅದೆಲ್ಲ ಕೊನೆಯ ಅನುಬಂಧದಲ್ಲಿ ಸುಮ್ನೆ ಕೂತಿತ್ತು. ನಿನ್ನೆ ಹೊಸ ಡ್ರಾಫ್ಟ್ ಬಂತು. ಪ್ರಶ್ನೆ ಎರಡನೇ ವಾಕ್ಯದಲ್ಲೇ ಇದೆ, ಶುದ್ಧ ನೀರಿನ ಗೆರೆ ಅದೇ ಗ್ರಾಫಿನಲ್ಲಿ, ಕೆರೆ ನೀರಿನ ಗೆರೆಯ ಕೆಳಗೆ, ಸೊನ್ನೆಗೆ ಅಂಟಿಕೊಂಡು ಹೋಗಿದೆ.