ಅಮ್ಮ ನೋಡದ ಕೊನೆಯ ಸೀನು

ಕಳೆದ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಮತ್ತೆ 'ಕಸ್ತೂರಿ ನಿವಾಸ' ಹಾಕಿದ್ದರು. ಊಟ ಮುಗಿಸಿ ಎಲ್ಲರೂ ಅಲ್ಲೇ ಚಾಪೆ ಹಾಸಿಕೊಂಡು ಕೂತೆವು. ಅಮ್ಮ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾ ನೋಡುತ್ತಿದ್ದಳು. ಕೊನೆಯಲ್ಲಿ ನೀಲಾ ಪಾರಿವಾಳ ಕೇಳಲು ಬರುತ್ತಾಳಲ್ಲ, ಸರಿಯಾಗಿ ಆ ಹೊತ್ತಿಗೆ ಮೊರ ಎತ್ತಿಕೊಂಡು ಎದ್ದಳು.

"ಅಜ್ಜಿ, ಇನ್ನೇನು ಮುಗೀತು, ಕೂತ್ಕೋ. ನೀನು ಕೊನೇದು ನೋಡೋದೇ ಇಲ್ವಾ?" ಅಂತ ನನ್ನ ಮಗಳು ಕೇಳಿದಳು.

ಅಮ್ಮ ಅಡುಗೆಮನೆ ಬಾಗಿಲ ಹತ್ತಿರ ನಿಂತು ಹೇಳಿದಳು: "ನಿಮ್ಮ ತಾತನ್ನ ನೋಡಿದೀನಲ್ಲ. ಸಾಕು ಬಿಡು."

ಸಿನಿಮಾ ಮುಗಿಯಿತು. ಮಗಳು ಕಣ್ಣು ಒರೆಸಿಕೊಂಡಳು. ನಾನು ಮಾತ್ರ ಆ ಮಾತಿನ ಹತ್ತಿರವೇ ನಿಂತುಬಿಟ್ಟೆ. ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ದುಃಖವೂ ಇದ್ದ ಹಾಗಿರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆ ಅನ್ನುವ ಹಾಗೆ ಹೇಳಿ ಒಳಗೆ ಹೋಗಿದ್ದಳು.

2014ರಲ್ಲಿ ಈ ಸಿನಿಮಾಗೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಅಮ್ಮನನ್ನು ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ತೀರಿಕೊಂಡು ಆಗ 5 ವರ್ಷ. ಅವತ್ತೂ ಕೊನೆಯಲ್ಲಿ ಎದ್ದು ಹೋದಳು. ಬಾತ್‌ರೂಮಿಗೆ ಇರಬೇಕು ಅಂದುಕೊಂಡೆ. ಸಿನಿಮಾ ಬಿಟ್ಟು ಬಂದಾಗ ಮೆಟ್ಟಿಲ ಹತ್ತಿರ ಚೀಲ ಹಿಡಿದುಕೊಂಡು ನಿಂತಿದ್ದಳು. ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಅಪ್ಪನದು ತಿಪಟೂರು ಕಡೆಯ ಒಂದು ಊರಲ್ಲಿ ಕಿರಾಣಿ ಅಂಗಡಿ. 'ಕಸ್ತೂರಿ ನಿವಾಸ' ಬಂದದ್ದು 1971ರಲ್ಲಿ. ಆಗ ಅಪ್ಪನಿಗೆ 19 ವರ್ಷ. ಅದು ನಮ್ಮ ಕಡೆಯ ಟೆಂಟಿಗೆ ಬಂದಾಗ ನೆಲದ ಮೇಲೆ ಕೂತು ಒಂದೇ ವಾರದಲ್ಲಿ 4 ಸಲ ನೋಡಿದ್ದರಂತೆ. ಇದನ್ನು ನಿರ್ದೇಶಿಸಿದ ದೊರೈ-ಭಗವಾನ್ ಇನ್ನೂ ಎಷ್ಟೋ ಸಿನಿಮಾ ಮಾಡಿದರು, ರಾಜ್‌ಕುಮಾರ್ ಇನ್ನೂರಕ್ಕೂ ಜಾಸ್ತಿ ಸಿನಿಮಾ ಮಾಡಿದರು. ಅಪ್ಪನಿಗೆ ಮಾತ್ರ ಇದೊಂದೇ. ಬೆಲ್ಲದ ಅಚ್ಚು ಒಡೆಯುವಾಗ, ಮೂಟೆ ಹೊಲಿಗೆ ಬಿಚ್ಚುವಾಗ 'ಆಡಿಸಿ ನೋಡು ಬೀಳಿಸಿ ನೋಡು' ಗುನುಗುತ್ತಿದ್ದರು. ಉದಯಶಂಕರ್ ಬರೆದ ಪದ, ಜಿ.ಕೆ. ವೆಂಕಟೇಶ್ ಹಾಕಿದ ರಾಗ, ಪಿ.ಬಿ. ಶ್ರೀನಿವಾಸ್ ದನಿ. ಆ ಮೂರೂ ನನ್ನ ಕಿವಿಯಲ್ಲಿ ಅಪ್ಪನ ದನಿಯಾಗಿಯೇ ಉಳಿದಿವೆ. ರೇಡಿಯೋದಲ್ಲಿ ನಿಜವಾದ ಹಾಡು ಬಂದರೆ ನನಗೆ ಇವತ್ತಿಗೂ ಬೇರೆ ಯಾರೋ ಹಾಡಿದ ಹಾಗೆ ಅನಿಸುತ್ತದೆ.

ಆ ಸಿನಿಮಾದಲ್ಲಿ ರಾಜ್‌ಕುಮಾರ್ ಮಾಡಿದ ರವಿವರ್ಮ ಬೆಂಕಿಪೊಟ್ಟಣದ ಕಾರ್ಖಾನೆ ಯಜಮಾನ. ಕೇಳಿದವರಿಗೆ ಇಲ್ಲ ಅನ್ನುವ ಮನೆತನವೇ ಅಲ್ಲ. ತಾನೇ ಮೇಲೆ ತಂದ ಹುಡುಗನಿಂದಲೇ ಎಲ್ಲ ಕಳೆದುಕೊಳ್ಳುತ್ತಾನೆ. ಆದರೂ ಕೈ ಚಾಚುವುದಿಲ್ಲ. ಕೊನೆಗೆ ಮನೆಗೆ ಬಂದ ನೀಲಾಗೆ ಊಟ ಹಾಕಲು ದುಡ್ಡಿಲ್ಲದೆ, ಉಳಿದಿದ್ದ ಒಂದು ಪಾರಿವಾಳವನ್ನೂ ಮಾರಿಸುತ್ತಾನೆ. ಅವಳು ಬಂದದ್ದು ಆ ಪಾರಿವಾಳವನ್ನೇ ಕೇಳಲು. ಈ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಅಪ್ಪ ಅದನ್ನು ಕಥೆ ಅಂತ ನೋಡಲೇ ಇಲ್ಲ. ಹೀಗೇ ಬದುಕಬೇಕು ಅಂತ ನೋಡಿದರು. 'ಬಂಗಾರದ ಮನುಷ್ಯ' ನೋಡಿ ಪೇಟೆ ಬಿಟ್ಟು ಊರಿಗೆ ಹೋಗಿ ಬೇಸಾಯ ಹಿಡಿದವರ ಮಾತು ನಾವೆಲ್ಲ ಕೇಳಿದ್ದೇವೆ. ಹಾಗೆಯೇ ಇದನ್ನು ನೋಡಿ ಕೊಡುವುದನ್ನು ಹಿಡಿದವರೂ ಇದ್ದಿರಲೇಬೇಕು. ನಮ್ಮ ಮನೆಯಲ್ಲಂತೂ ಒಬ್ಬರಿದ್ದರು. ಅಂಗಡಿಯಲ್ಲಿ ಸಾಲದ ಪುಸ್ತಕ ಇತ್ತು. ಬರೆದುಕೊಳ್ಳುತ್ತಿದ್ದರು, ಕೇಳುತ್ತಿರಲಿಲ್ಲ. ಮದುವೆ ಮನೆಯವರು ಬಂದರೆ ಸಕ್ಕರೆ ಮೂಟೆ ಹಾಗೇ ಹೋಗುತ್ತಿತ್ತು. ಕೊಬ್ಬರಿ ರೇಟು ಬಿದ್ದ ವರ್ಷ ಅರ್ಧ ಊರು ನಮ್ಮ ಪುಸ್ತಕದಲ್ಲಿತ್ತು. ಅಪ್ಪನ ಸೋದರತ್ತೆಯ ಮಗ ಒಬ್ಬ ಸಾಲಕ್ಕೆ ಜಾಮೀನು ಹಾಕಿಸಿಕೊಂಡ. ಒಂದು ಕಂತೂ ಕಟ್ಟಲಿಲ್ಲ. ನಮ್ಮ ಸೈಟು ಹೋಯಿತು. ಅಪ್ಪನ ತಿಥಿಗೆ ಬಂದು ಅವನು "ಭಾವ ದೇವರಂಥೋನು" ಅಂತ ಎಲ್ಲರ ಮುಂದೆ ಅತ್ತ. ಆ ಅಳು ಸುಳ್ಳಿರಲಿಕ್ಕಿಲ್ಲ. ಆದರೂ ನಾನು ಅವನನ್ನು ಕ್ಷಮಿಸಿಲ್ಲ. ಅಮ್ಮ ಮಾತ್ರ ಅವನ ಎಲೆಗೆ ಎರಡನೇ ಸಲ ಪಾಯಸ ಬಡಿಸಿದಳು.

ಸೋಮವಾರ ಬಸ್ಸಿನಲ್ಲಿ ಕೂತಾಗಲೂ ಅದೇ. ನೋಡಿದೀನಲ್ಲ, ಸಾಕು ಬಿಡು.

ನಾನು ಇಷ್ಟು ವರ್ಷ ಈ ಸಿನಿಮಾವನ್ನು ಅಪ್ಪನ ಪಕ್ಕ ಕೂತು ನೋಡಿದವನು. ಅಪ್ಪ ಹೋದ ಮೇಲೂ ಅವರ ಪಕ್ಕದಲ್ಲೇ ಕೂತು ನೋಡಿದ್ದೇನೆ. ನನ್ನ ಅಪ್ಪ ರವಿವರ್ಮನ ಹಾಗಿದ್ದರು ಅಂತ ಸ್ನೇಹಿತರ ಹತ್ತಿರ ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು. ಈಗಲೂ ಆ ಹೆಮ್ಮೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಅಪ್ಪ ಒಳ್ಳೆಯವರು, ನಿಜವಾಗಿ ಒಳ್ಳೆಯವರು. ಆದರೆ ಈ ವಾರ ಮೊದಲ ಸಲ ಒಂದು ಹೊಳೆಯಿತು. ರವಿವರ್ಮ ಹೆಂಡತಿ, ಮಗುವನ್ನು ಕಳೆದುಕೊಂಡವನು. ಅವನು ಕೊಟ್ಟಷ್ಟೂ ಖಾಲಿಯಾಗುವುದು ಅವನ ತಟ್ಟೆ. ನಮ್ಮ ಮನೆಯಲ್ಲಿ 5 ತಟ್ಟೆ ಇದ್ದವು.

ಆ 5 ತಟ್ಟೆಗೆ ಅನ್ನ ಹೇಗೆ ಬಂತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅಮ್ಮ ಅಕ್ಕಿ ಅಳೆಯುವಾಗ ದಿನಾ ಒಂದು ಹಿಡಿ ತೆಗೆದು ಇನ್ನೊಂದು ಡಬ್ಬಕ್ಕೆ ಹಾಕುತ್ತಿದ್ದಳು. ಅದು ಏನೋ ಪದ್ಧತಿ ಅಂತ ನಾವು ಮಕ್ಕಳು ತಿಳಿದಿದ್ದೆವು. ತಿಂಗಳ ಕೊನೆಗೆ ಅದೇ ನಮ್ಮ ಊಟ. ಅವಳ ಎರಡು ಬಳೆ ಗಿರವಿ ಅಂಗಡಿಗೆ ಹೋಗಿ ಬರುತ್ತಿದ್ದವು. ನನ್ನ ಡಿಪ್ಲೊಮಾ ಫೀಸು ಕಟ್ಟುವ ವರ್ಷ ಹೋದವು ತಿರುಗಿ ಬರಲಿಲ್ಲ. ಆ ವರ್ಷದಿಂದ ಗಾಜಿನ ಬಳೆ. "ಹಸಿರು ಬಳೆನೇ ಲಕ್ಷಣ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಅಪ್ಪ ಹೋದ ದಿನ ಆ ಬಳೆಗಳನ್ನೂ ತೆಗೆಸಿದರು.

ಕೊಡುವವನ ಮೇಲೆ ಹಾಡು ಬರುತ್ತದೆ. ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆಯನ್ನು ತೋರಿಸಿ ಅವನನ್ನು ಹೊಗಳುತ್ತೇವೆ. ಆ ಬೊಂಬೆ ಏಳುವುದು ಹೇಗೆ? ತಳದಲ್ಲಿ ಭಾರ ಇರುತ್ತದೆ, ಅದಕ್ಕೆ. ಮೇಲೆ ಬಣ್ಣ, ಮೀಸೆ, ನಗು ಎಲ್ಲ ಕಾಣುತ್ತದೆ. ತಳದ ಭಾರ ಹೊರಗೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಆ ಭಾರ ಅಮ್ಮ ಆಗಿದ್ದಳು. ಇದನ್ನು ಬರೆಯುವಾಗ ನನಗೆ ಗಂಟಲು ಕಟ್ಟುತ್ತಿದೆ.

ಅಮ್ಮ ಒಂದು ಸಲವೂ ಅಪ್ಪನನ್ನು ನಮ್ಮ ಮುಂದೆ ಬೈದದ್ದಿಲ್ಲ. ಅಪ್ಪನ ಕೊನೆಯ ಸಾಲದ ಪುಸ್ತಕ ಇವತ್ತಿಗೂ ಅವಳ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗಿದೆ. ಅದನ್ನು ಹಿಡಿದುಕೊಂಡು ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಅದರಲ್ಲಿ ಹೆಸರಿರುವ ಒಬ್ಬ ಹೆಂಗಸು ಪ್ರತಿ ಗೌರಿ ಹಬ್ಬಕ್ಕೆ ಊರಿಂದ ಬರುವವರ ಕೈಯಲ್ಲಿ ತೆಂಗಿನಕಾಯಿ ಕಳಿಸುತ್ತಾರೆ. ಅಮ್ಮ ಅದನ್ನು ತೆಗೆದುಕೊಂಡು ದೇವರ ಮುಂದೆ ಇಡುತ್ತಾಳೆ. ಅವಳಿಗೂ ಅಪ್ಪನ ಕೈ ಇಷ್ಟವಾಗಿತ್ತೋ ಏನೋ. ಇಷ್ಟವಾಗಿದ್ದಕ್ಕೇ ಆ ಸೀನು ನೋಡಲು ಆಗುವುದಿಲ್ಲವೋ ಏನೋ.

ಬುಧವಾರ ರಾತ್ರಿ ತಡೆಯಲಾಗಲಿಲ್ಲ. ಅಮ್ಮ ಮಲಗುವ ಮೊದಲು ಮಾತ್ರೆ ಕೊಡುವಾಗ ಕೇಳಿದೆ.

"ಅಮ್ಮ, ಆ ಸಿನಿಮಾ ಕೊನೇಲಿ ಏನಾಗುತ್ತೆ ಅಂತ ನಿಂಗೆ ಗೊತ್ತಾ?"

"ಗೊತ್ತಿಲ್ದೆ ಏನು? ನಿಮ್ಮಪ್ಪ ಅಂಗಡಿಗೆ ಬಂದೋರಿಗೆಲ್ಲ ಹೇಳೋರಲ್ಲ. ಪಾರಿವಾಳ ಮಾರಿ ಊಟ ಹಾಕ್ತಾನೆ."

ಮಾತ್ರೆ ನುಂಗಿ ಲೋಟ ವಾಪಸ್ ಕೊಟ್ಟಳು. ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದಳು.

"ಆ ಅಡುಗೆ ಯಾರು ಮಾಡಿದ್ದು ಅಂತ ತೋರಿಸ್ತಾರಾ ಮಗಾ?"

ಅಷ್ಟು ಸಲ ನೋಡಿದ್ದೇನೆ. ನನಗೆ ನೆನಪಾಗಲಿಲ್ಲ.